ಎಳ್ಳಮವಾಸ್ಯೆ ಸಂಜೆಯ ದುರ್ಬೀನು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಮದುವೆ ಮನೆಯಲ್ಲಿ ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಂಡು 'ನಮ್ಮ ಕಾಕಾಗ ಒಮ್ಮೆ ಏನಾಗಿತ್ತಂದ್ರ' ಎಂದು ಯಾರಾದರೂ ಶುರು ಮಾಡಿದರೆ ಸಾಕು, ನಾನು ಕೈ ತೊಳೆಯುವ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಎದ್ದು ಹೋಗಲು ಆಗದಿದ್ದಾಗ ಒಂದೇ ಪ್ರಶ್ನೆ ಕೇಳುತ್ತಿದ್ದೆ: 'ನೀವು ಅಲ್ಲಿದ್ರೇನು?' ಯಾರೂ ಇರುತ್ತಿರಲಿಲ್ಲ. ಕಾಕಾ ಹೇಳಿದ್ದು, ಕಾಕಾಗೆ ಇನ್ನೊಬ್ಬರು ಹೇಳಿದ್ದು. ಈಗ ನೀವು ಅದೇ ಪ್ರಶ್ನೆಯನ್ನು ನನಗೆ ಕೇಳಿದರೆ 'ಇದ್ದೆ' ಎನ್ನದೆ ಬೇರೆ ದಾರಿಯಿಲ್ಲ. ನನ್ನ ತೊಂದರೆ ಇರುವುದೇ ಅಲ್ಲಿ.

ನಾನು ಆಳಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಊರ ಹೊರಗಿನ ದಿಬ್ಬದ ಮೇಲೆ ಆಗಷ್ಟೇ ಒಂದು ಪುಟ್ಟ ವೀಕ್ಷಣಾಲಯ ಶುರುವಾಗಿತ್ತು. ಒಂದು ಗುಮ್ಮಟ, ಅದರ ಪಕ್ಕದಲ್ಲಿ ಒಂದು ಬಯಲು ಮಾಳಿಗೆ, ಆ ಮಾಳಿಗೆಯ ಮೇಲೆ ಜನರಿಗಾಗಿಯೇ ಇಟ್ಟ ಒಂದು ದುರ್ಬೀನು. ತಿಂಗಳಿಗೊಂದು ಸಂಜೆ, ಅಮವಾಸ್ಯೆಯ ಸುಮಾರಿಗೆ, ಯಾರು ಬೇಕಾದರೂ ಬಂದು ಆಕಾಶ ನೋಡಬಹುದಿತ್ತು. ತೋರಿಸಿ ವಿವರಿಸುವುದಕ್ಕೆ ಮೈಸೂರು ಕಡೆಯ ಒಬ್ಬ ಹುಡುಗಿ ಇದ್ದಳು. ವಯಸ್ಸಿನಲ್ಲಿ ನನ್ನ ಮಗಳಷ್ಟಿದ್ದರೂ ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ನಾನು ಮತ್ತು ನಮ್ಮ ಶಾಲೆಯ ಗಣಿತದ ಮಾಸ್ತರ ಗೌತಮ ಪುಕ್ಕಟೆ ಸೇವೆಗೆ ನಿಂತಿದ್ದೆವು. ಜನರನ್ನು ಪಾಳಿಯಲ್ಲಿ ನಿಲ್ಲಿಸುವುದು, ವಯಸ್ಸಾದವರ ಕೈ ಹಿಡಿದು ಸ್ಟೂಲ್ ಮೇಲೆ ಹತ್ತಿಸುವುದು, ದುರ್ಬೀನಿಗೆ ಜೋತು ಬೀಳುವವರನ್ನು ಗದರಿಸುವುದು ನಮ್ಮ ಕೆಲಸ. ಗದರಿಸುವುದು ಹೆಚ್ಚಾಗಿ ನನ್ನ ಪಾಲಿಗೇ ಬರುತ್ತಿತ್ತು.

ಆ ಸಲ ಕಾರ್ಯಕ್ರಮ ಎಳ್ಳಮವಾಸ್ಯೆಯ ದಿನವೇ ಬಂತು. ಆ ದಿನ ನಮ್ಮ ಕಡೆ ಊರಿನಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲೇ. ನಮ್ಮ ಹೊಲ ಇರುವುದು ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಲ್ಲಿ. ಸಜ್ಜೆಯ ಕಡುಬು, ಭಜ್ಜಿ, ಅಂಬಲಿ ಕಟ್ಟಿಕೊಂಡು ಹೋಗಿ, ಭೂಮಿತಾಯಿಯ ಎಡೆಯೆಂದು ಬೆಳೆಗೆ ಚರಗ ಚೆಲ್ಲಿ, ಕಂಠಮಟ ಉಂಡೆವು. ನಮ್ಮ ಮನೆಯಲ್ಲಿ ಇನ್ನೊಂದು ರೂಢಿ ಇದೆ. ಊಟ ಮುಗಿಸಿ ಉಳಿದವರೆಲ್ಲ ಹೊರಟರೂ ಮನೆಯ ಹಿರಿಯ ಗಂಡಸು ಹೊತ್ತು ಮುಳುಗುವವರೆಗೂ ಹೊಲದಲ್ಲೇ ಇದ್ದು, ದೀಪ ಹಚ್ಚಿಟ್ಟು ಬರಬೇಕು. ಭೂಮಿತಾಯಿಯನ್ನು ಉಂಡ ಎಲೆಯ ಹಾಗೆ ಬಿಟ್ಟು ಎದ್ದು ಬರಬಾರದಂತೆ. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ನಮ್ಮ ಅಣ್ಣನದು. ದೀಪ ಹಚ್ಚಿ ಅವನು ಅಲ್ಲಿಂದಲೇ ಮೋಟಾರ್ ಸೈಕಲ್ ಮೇಲೆ ಅಫಜಲಪುರಕ್ಕೆ, ಮಗಳ ಮನೆಗೆ ಹೋಗುವವನಿದ್ದ. 'ಹೊತ್ತಾದ್ರ ಗುಡಿಸಲದಾಗೇ ಮಲಗಿ ಮುಂಜಾನೆ ಹೋಗ್ತೇನಿ' ಎಂದೂ ಹೇಳಿದ್ದ. ಹಾಗಾಗಿ ಆ ರಾತ್ರಿ ಅವನು ಎಲ್ಲಿದ್ದಾನೆ ಎಂದು ಯಾರೂ ಹುಡುಕುವ ಹಾಗಿರಲಿಲ್ಲ. ಮಗಳ ಮನೆಯಲ್ಲಿದ್ದಾನೆಂದು ನಾವೂ ಹೊಲದಲ್ಲಿದ್ದಾನೆಂದು ಮಗಳೂ ತಿಳಿದು ನಿಶ್ಚಿಂತೆಯಿಂದ ಮಲಗುತ್ತಿದ್ದೆವು.

ಅಣ್ಣನ ಹೆಂಡತಿ, ನಮ್ಮ ವೈನಿ, ತಾವೂ ದುರ್ಬೀನು ನೋಡಬೇಕೆಂದು ನನ್ನ ಜೊತೆ ಆಳಂದಕ್ಕೆ ಬಂದರು. ವೈನಿ ಹೆಚ್ಚು ಮಾತಿನವರಲ್ಲ. ದಿನಾ ಮುಂಜಾನೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ ರೆಪ್ಪೆ ಬಡಿಯದೆ ಅದನ್ನೇ ನೋಡುತ್ತಿರುತ್ತಾರೆ. ಆಗ ಬಾಗಿಲಲ್ಲಿ ಯಾರು ನಿಂತು ಕೂಗಿದರೂ ಅವರಿಗೆ ಕೇಳುವುದಿಲ್ಲ. ಉಳಿದಂತೆ ರೊಟ್ಟಿ ಬಡಿದು, ಸಂತೆ ಮಾಡಿ, ಸೊಸೆಯ ಜೊತೆ ಜಗಳಾಡುವ ಎಲ್ಲರಂಥ ಹೆಂಗಸು. ಮೈಮೇಲೆ ದೇವರು ಬರುವುದು, ಕನಸು ಬೀಳುವುದು, ಅಂಥದ್ದೇನೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸಂಜೆ ಜನ ಚೆನ್ನಾಗಿಯೇ ಸೇರಿದರು. ಜಿಡಗಾದಿಂದ ಒಂದು ಟೆಂಪೊ ತುಂಬ ಬಂದಿದ್ದರು. ಜೇವರ್ಗಿ ತಾಲ್ಲೂಕಿನ ಕೊಳಕೂರಿನಿಂದ ಬೀಗರ ಮನೆಗೆ ಬಂದಿದ್ದ ಒಬ್ಬ ವಕೀಲರು, ಉಂಡದ್ದು ಅರಗಲಿ ಎಂದು ನಡೆದುಕೊಂಡೇ ದಿಬ್ಬ ಹತ್ತಿದ್ದರು. ತೋರಿಸುವುದು ಶನಿಗ್ರಹವನ್ನು ಎಂದು ಮೇಡಂ ಹೇಳಿದ್ದೇ ತಡ, ಹೆಂಗಸರ ಪಾಳಿಯಲ್ಲಿ ಗುಸುಗುಸು ಎದ್ದಿತು. 'ಅಮಾಸಿ ದಿನ ಶನೀನ ಯಾರರ ತಾವಾಗೇ ಹೋಗಿ ನೋಡ್ತಾರೇನ್ರಿ ಮಾಸ್ತರ?' ಎಂದು ಒಬ್ಬಾಕೆ ನನ್ನನ್ನೇ ಕೇಳಿದಳು. ಅವನು ಅಷ್ಟು ದೂರದಲ್ಲಿದ್ದಾನೆ, ನಿಮ್ಮ ಮನೆ ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿಲ್ಲ ಎಂದೆ. ಜನ ನಕ್ಕರು. ಮೊದಲ ತಂಡ ನೋಡಿತು, ಬಳೆ ತೊಟ್ಟ ಹಾಗಿದೆ ಎಂದು ಬೆರಗಾಯಿತು. ಆಮೇಲೆ ಚಹಾ ಬಂತು.

ಚಹಾದ ಹೊತ್ತಿಗೆ ಕೆಳಗಿನ ಹೊಲದಲ್ಲಿ ಹಬ್ಬದ ದಿನವೂ ಬಿಡದೆ ಯಾರೋ ತೊಗರಿ ರಾಶಿ ಮಾಡುವ ಮಷೀನ್ ಹಚ್ಚಿದ್ದರು. ಹೊಟ್ಟು, ಧೂಳು ಎಲ್ಲ ಮೇಲಕ್ಕೆ ಬರುತ್ತಿತ್ತು. ಅದು ನಿಂತ ಮೇಲೆ ಎರಡನೆಯ ತಂಡದ ಪಾಳಿ ಶುರುವಾಯಿತು. ದುರ್ಬೀನಿಗೆ ಮೋಟಾರು ಇರುವುದರಿಂದ ಅದು ತಾನಾಗಿ ಗ್ರಹದ ಹಿಂದೆ ತಿರುಗುತ್ತಿರುತ್ತದೆ, ಮತ್ತೆ ಗುರಿ ಹಿಡಿಯುವ ಕೆಲಸವಿಲ್ಲ. ಮಾಳಿಗೆಯ ಮೇಲೆ ಒಂದು ಸಣ್ಣ ಕೆಂಪು ದೀಪ ಬಿಟ್ಟರೆ ಕಗ್ಗತ್ತಲು. ಒಬ್ಬೊಬ್ಬರೇ ಸ್ಟೂಲ್ ಹತ್ತಿ ಕಣ್ಣಿಟ್ಟು ಇಳಿದರು. 'ಕಾಣಿಸ್ತಾ ಇದ್ಯಾ?' ಎಂದು ಮೇಡಂ ಕೇಳುವುದು, 'ಹೌದ್ರಿ, ಭಾಳ ಛಂದ ಕಾಣ್ತದ್ರಿ' ಎಂದು ಅವರು ಹೇಳುವುದು. ಜಿಡಗಾದ ಒಬ್ಬ ಅಜ್ಜ ಕೈಯನ್ನೂ ಮುಗಿದ.

ವೈನಿಯ ಸರದಿ ಬಂತು. ಕೈ ಹಿಡಿದು ನಾನೇ ಹತ್ತಿಸಿದೆ. ಅವರು ಕಣ್ಣಿಟ್ಟವರು ತೆಗೆಯಲೇ ಇಲ್ಲ. ಹಿಂದಿನವರು ಕೆಮ್ಮಿದರು, ಒಬ್ಬರು 'ಮುಂದ ಬಿಡ್ರೀ ಯವ್ವಾ' ಎಂದರು. ನನಗೂ ಸಂಕೋಚವಾಗಿ ಅವರ ಮೊಣಕೈ ಮುಟ್ಟಿದೆ. ಇಳಿದರು. ಮೇಡಂ ಕೇಳಿದ್ದಕ್ಕೆ ಉತ್ತರ ಕೊಡದೆ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

'ಮಾಸ್ತರ, ನಿಮ್ಮ ಅಣ್ಣ ಬಾವ್ಯಾಗ ಕುಂತಾರ. ನಡೀರಿ ಹೋಗೂಣು.'

ನನಗೆ ಅರ್ಥವಾಗಲಿಲ್ಲ. 'ಶನಿ ಕಾಣಿಸಿದನೋ ಇಲ್ಲೋ ವೈನಿ?' ಎಂದೆ.

'ಶನಿ ಅಲ್ರಿ ಅದು, ನಮ್ಮ ಹಳೀ ಬಾವಿ. ನೀರಾಗ ಕಾಲು ಬಿಟ್ಕೊಂಡು ಕಲ್ಲಿನ ಮ್ಯಾಲೆ ಕುಂತಾರ. ಬಲಗಾಲಿಗಿ ಟಾವೆಲ್ ಕಟ್ಕೊಂಡಾರ. ನನ್ನ ಕಡೀನೇ ನೋಡಾಕತ್ತಾರ. ಒದರಿದಂಗ ಬಾಯಿ ಬಿಡಾಕತ್ತಾರ, ಆದ್ರ ಏನೂ ಕೇಳಿಸವಲ್ತು.'

ದನಿಯಲ್ಲಿ ಅಳುವಿರಲಿಲ್ಲ, ನಡುಕವೂ ಇರಲಿಲ್ಲ. ಒಲೆಯ ಮೇಲೆ ಹಾಲು ಇಟ್ಟು ಬಂದಿದ್ದೇನೆ ಎನ್ನುವಷ್ಟೇ ಅವಸರ. ನನಗೆ ಸಿಟ್ಟು ಬಂತು. ನಾಲ್ಕು ಜನರ ನಡುವೆ, ಅದೂ ನನ್ನ ಮನೆಯವರೇ ಹೀಗೆ ಶುರು ಮಾಡಿದರೆ ನನ್ನ ಗತಿಯೇನು ಎನ್ನಿಸಿತು. ಹಗಲೆಲ್ಲ ಬಿಸಿಲಲ್ಲಿದ್ದು ಕಣ್ಣು ಮಂಜಾಗಿದೆ, ಕೂತುಕೊಳ್ಳಿ ಎಂದು ಹೇಳುತ್ತಿರುವಾಗ ಹಿಂದಿನಿಂದ ವಕೀಲರ ದನಿ ಗಟ್ಟಿಯಾಗಿ ಕೇಳಿಸಿತು.

'ಮೇಡಂ, ನನಗೇನೂ ಕಾಣವಲ್ತು ನೋಡ್ರಿ. ಬರೇ ಕತ್ತಲದ.'

ಮೇಡಂ ಬಂದು ತಾನೇ ಕಣ್ಣಿಟ್ಟು ನೋಡಿದಳು. ಟಾರ್ಚ್ ಹಾಕಿದಳು. ದುರ್ಬೀನಿನ ಬಾಯಿಗೆ ಮುಚ್ಚಳ ಹಾಕಿಯೇ ಇತ್ತು. ಧೂಳಿಗೆ ಹೆದರಿ ಚಹಾದ ಹೊತ್ತಿಗೆ ತಾನೇ ಮುಚ್ಚಿದ್ದಳು, ತೆಗೆಯುವುದನ್ನು ಮರೆತಿದ್ದಳು. 'ಅಯ್ಯೋ, ಮತ್ತೆ ಇಷ್ಟು ಜನ ಕಾಣುತ್ತೆ ಅಂದ್ರಲ್ಲ!' ಎಂದು ಅಳುವುದೊಂದು ಬಾಕಿ. ನಾನು ಜಿಡಗಾದ ಅಜ್ಜನನ್ನು ಕೇಳಿದೆ, ಏನು ನೋಡಿ ಕೈ ಮುಗಿದೆಯಪ್ಪ ಎಂದು. ಅವನು ತಲೆ ತುರಿಸಿಕೊಂಡ. 'ಕತ್ತಲನೇ ನೋಡಿದ್ನಿರಿ. ಆ ಕೂಸು ಅಷ್ಟು ದೂರದಿಂದ ಬಂದು ತೋರಿಸಾಕತ್ತದ, ಕಾಣವಲ್ತು ಅಂತ ಹ್ಯಾಂಗ ಅನ್ನೋದ್ರಿ? ಮನಸ್ಸಿಗಿ ಬ್ಯಾಸರ ಮಾಡ್ಕೊಳ್ಳೂದಿಲ್ಲೇನು?' ಉಳಿದವರೂ ಹೌದೆಂದರು. ನಮ್ಮ ಜನವೇ ಹಾಗೆ. ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರು ಬಡಿಸಿದರೂ ರುಚಿಯಾಗಿದೆ ಎಂದು ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುನಗುತ್ತಲೇ ತಿರುಗಿದರೆ ವೈನಿ ಅಲ್ಲಿರಲಿಲ್ಲ. ದಿಬ್ಬ ಇಳಿದು ಹೋಗಿ ಗೌತಮನ ಜೀಪಿನಲ್ಲಿ ಕೂತುಬಿಟ್ಟಿದ್ದರು.

ನಗು ಅಲ್ಲೇ ನಿಂತಿತು. ಮುಚ್ಚಿದ ದುರ್ಬೀನಿನಲ್ಲಿ ಎಲ್ಲರೂ ನೋಡಿದ್ದು ಕತ್ತಲು. ಹಾಗಾದರೆ ವೈನಿ ಅಷ್ಟು ಹೊತ್ತು ನೋಡಿದ್ದು ಏನನ್ನು? ಅಣ್ಣನಿಗೆ ಫೋನ್ ಮಾಡಿದೆ, ಹತ್ತಲಿಲ್ಲ. ಹೊಲದಲ್ಲಿ ಫೋನ್ ಹತ್ತುವುದೇ ಅಪರೂಪ, ಅದಕ್ಕೆ ಹೆದರಲಿಲ್ಲ. ಅಫಜಲಪುರಕ್ಕೆ ಫೋನ್ ಮಾಡಿದರೆ ಮಗಳು 'ಅಪ್ಪ ಇನ್ನಾ ಬಂದಿಲ್ಲ ಕಾಕಾ, ಬರೂದಿಲ್ಲೇನೋ ಮತ್ತ' ಎಂದಳು. ನಂಬಿ ಹೊರಟೆನೆಂದು ಹೇಳಿದರೆ ಸುಳ್ಳಾಗುತ್ತದೆ. ವೈನಿ ಜೀಪಿನಿಂದ ಇಳಿಯಲು ಒಪ್ಪಲಿಲ್ಲ, ಅದಕ್ಕೇ ಹೊರಟೆ. ಗೌತಮ ಏನೂ ಕೇಳದೆ ಜೀಪು ಬಿಟ್ಟ. ಅವನೂ ನನ್ನ ಹಾಗೆ ಲೆಕ್ಕ ಕೇಳುವ ಮನುಷ್ಯ. ಆದರೆ ಕಚ್ಚಾ ರಸ್ತೆಯಲ್ಲೂ ವೇಗ ಇಳಿಸಲಿಲ್ಲ.

ಹೊಲದಲ್ಲಿ ದೀಪ ಉರಿಯುತ್ತಿತ್ತು. ಗುಡಿಸಲ ಮುಂದೆ ಮೋಟಾರ್ ಸೈಕಲ್ ನಿಂತಿತ್ತು. ಗುಡಿಸಲು ಖಾಲಿ. ಅಲ್ಲಿಯವರೆಗೆ ಎಷ್ಟು ಸಿಟ್ಟಿತ್ತೋ ಅದೆಲ್ಲ ಇಳಿದು ಬಾವಿಯ ಕಡೆ ಓಡಿದೆ. ಬೋರ್‌ವೆಲ್ ಹಾಕಿಸಿದ ಮೇಲೆ ಆ ಹಳೆಯ ಬಾವಿಯ ಕಡೆ ನಾವ್ಯಾರೂ ಹೋಗುತ್ತಿರಲಿಲ್ಲ. ಗೌತಮ ಟಾರ್ಚ್ ಬಿಟ್ಟ. ಕೆಳಗೆ, ಮುರಿದ ಮೆಟ್ಟಿಲುಗಳ ಆಚೆ, ಒಂದು ಚಾಚುಗಲ್ಲಿನ ಮೇಲೆ ಅಣ್ಣ ಗೋಡೆಗೊರಗಿ ಕೂತಿದ್ದ. ಕಾಲು ನೀರಿನಲ್ಲಿದ್ದವು. ಮುಖ ಮೇಲಕ್ಕಿತ್ತು, ಆದರೆ ಬೆಳಕು ಬಿದ್ದರೂ ಕಣ್ಣು ಅಲುಗಲಿಲ್ಲ. ಅಣ್ಣಾ ಅಣ್ಣಾ ಎಂದು ಚಿಕ್ಕ ಹುಡುಗನ ಹಾಗೆ ಅರಚಿದೆ.

ಪಕ್ಕದ ಹೊಲದವರನ್ನು ಎಬ್ಬಿಸಿ, ಗುಡಿಸಲಿನ ಹೊರಸು ಮಂಚಕ್ಕೆ ಹಗ್ಗ ಕಟ್ಟಿ ಅವನನ್ನು ಮೇಲೆತ್ತಿದೆವು. ಉಸಿರಿತ್ತು. ಬಾವಿಗೂ ಒಂದು ದೀಪ ಇಡೋಣವೆಂದು ಇಳಿದವನು ಜಾರಿದ್ದ. ಕಾಲು ಮುರಿದು ಎಲುಬು ಹೊರಗೆ ಬಂದಿತ್ತು, ರಕ್ತ ಬಹಳ ಹೋಗಿತ್ತು. ಅದರ ಮೇಲೆ ಟಾವೆಲ್ ಬಿಗಿದು ಕಟ್ಟಿಕೊಂಡಿದ್ದ. ಆದರೆ ಅದು ಎಡಗಾಲು. ಅಂಥ ಹೊತ್ತಿನಲ್ಲೂ ನನಗೆ ಒಂದು ಕ್ಷಣ ಸಮಾಧಾನವಾಯಿತು ನೋಡಿ! ವೈನಿ ಬಲಗಾಲು ಎಂದಿದ್ದರು, ಅಂದರೆ ತಪ್ಪಿದರು, ಅಂದರೆ ಇದೆಲ್ಲ ಕಾಕತಾಳೀಯ. ಆ ಸಮಾಧಾನವನ್ನು ಹಿಡಿದುಕೊಂಡೇ ಕಲಬುರಗಿಯ ಆಸ್ಪತ್ರೆಯವರೆಗೆ ಹೋದೆ. ಮರುದಿನ ಮೇಡಂ ಕ್ಷೇಮ ವಿಚಾರಿಸಲು ಫೋನ್ ಮಾಡಿದಾಗ, ಯಾಕೆ ಕೇಳಿದೆನೋ, ಆ ದುರ್ಬೀನಿನಲ್ಲಿ ಎಡಬಲ ಹೇಗೆ ಕಾಣುತ್ತದೆ ಎಂದು ಕೇಳಿದೆ. 'ಅದರೊಳಗೆ ಕನ್ನಡಿ ಇದೆಯಲ್ಲ ಸರ್, ಎಡ ಬಲ ಅದಲು ಬದಲಾಗಿ ಕಾಣುತ್ತೆ' ಎಂದಳು. ನಾನು ಫೋನ್ ಇಟ್ಟುಬಿಟ್ಟೆ.

ಬೆಳಗಿನವರೆಗೆ ಅಲ್ಲೇ ಇದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಯಾರು ನೋಡಿದರು, ಹೇಗೆ ಗೊತ್ತಾಯಿತು ಎಂದು ಕೇಳಿದಾಗ, ಫೋನ್ ಹತ್ತಲಿಲ್ಲ, ಹೋಗಿ ನೋಡಿದೆವು ಎಂದೆ. ಮನೆಯವರಿಗೂ ತಾಕೀತು ಮಾಡಿದೆ, ಅಣ್ಣನ ಮುಂದೆ ದುರ್ಬೀನಿನ ಮಾತೇ ಎತ್ತಕೂಡದು ಎಂದು. ಇಲ್ಲದಿದ್ದರೆ ನಾಳೆ ದಿಬ್ಬದ ಮೇಲೆ ತೆಂಗಿನಕಾಯಿ ಒಡೆಯಲು ಜನ ಬರುತ್ತಾರೆಂದು ನನಗೆ ಗೊತ್ತಿತ್ತು. ಒಳಗೊಳಗೇ ನಾನು ಕಾರಣ ಹುಡುಕುತ್ತಿದ್ದೆ. ಗಂಡ ಒಬ್ಬನೇ ಹೊಲದಲ್ಲಿದ್ದಾನೆ, ಬಾವಿ ಹಳೆಯದು, ಅವರ ಮನಸ್ಸಿನಲ್ಲಿ ಆ ಅಂಜಿಕೆ ಇತ್ತು, ಕತ್ತಲನ್ನು ಬಹಳ ಹೊತ್ತು ನೋಡಿದರೆ ಮನಸ್ಸು ಏನನ್ನಾದರೂ ಬರೆಯುತ್ತದೆ. ಇಷ್ಟು ಹೇಳಬಹುದು. ಟಾವೆಲ್ಲಿನ ವಿಷಯಕ್ಕೆ ಬಂದರೆ ನನ್ನ ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು.

ಆಪರೇಷನ್ ಆಗಿ ಅಣ್ಣನಿಗೆ ಪೂರ್ತಿ ಎಚ್ಚರ ಬಂದ ಮೇಲೆ ನಾವು ಮೂವರೇ ಇದ್ದೆವು. ವೈನಿ ಮಂಚದ ಪಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದರು. ಅಣ್ಣ ಬಹಳ ಹೊತ್ತು ಅವರನ್ನೇ ನೋಡಿದ. ಮುಖದಲ್ಲಿ ಏನೋ ಅಸಮಾಧಾನವಿತ್ತು.

'ಬಂದು ಬಾವ್ಯಾಗ ಬಗ್ಗಿ ನೋಡಿದಿ. ನೀ ನೋಡೂಮುಂದ ಮ್ಯಾಲಿನ ಚುಕ್ಕಿ ಎಲ್ಲಾ ಮುಚ್ಚಿ ಹೋಗಿದ್ವು' ಎಂದ. 'ಎಷ್ಟು ಒದರಿದೆ ನಾ. ಒಂದು ಮಾತು ಆಡಲಾರದ ಹಂಗೇ ಹೋದೆಲ್ಲ.'

ವೈನಿ ಬೀಜ ತೆಗೆದು ಒಂದು ತೊಳೆಯನ್ನು ಅವನ ಕೈಗಿಟ್ಟರು.

'ಹಿಂದ ಇಷ್ಟುದ್ದ ಪಾಳಿ ಇತ್ರಿ' ಎಂದರು. 'ನಾ ಒಬ್ಬಾಕಿನೇ ಎಷ್ಟೊತ್ತ ನೋಡ್ಕೋತ ನಿಂದ್ರಲಿ?'

ಅಣ್ಣ 'ಹಾಂ' ಎಂದ. ಅಷ್ಟು ಉತ್ತರ ಅವನಿಗೆ ಸಾಕಾಯಿತು. ತೊಳೆಯನ್ನು ಬಾಯಿಗೆ ಹಾಕಿಕೊಂಡ. ಯಾವ ಪಾಳಿ, ಎಲ್ಲಿಯ ಪಾಳಿ ಎಂದು ಅವನು ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಅವರಿಬ್ಬರ ನಡುವೆ ಆ ಮಾತು ಅಲ್ಲಿಗೆ ಮುಗಿದುಹೋಯಿತು. ನನಗೊಬ್ಬನಿಗೇ ಮುಗಿದಿಲ್ಲ.