ಓತಿಲಿಯಾ ಸಾಕಿದ ನಾಲ್ಕನೆಯ ಜೀವ

ಆರೂ ಕೊಳವೆಗಳಿಂದ ಇಳಿಯುತ್ತಿದ್ದ ನೀರು ಮತ್ತೆ ಹಸಿರಾಗಿತ್ತು. ಓತಿಲಿಯಾ ಬೆರ್ನಾ ಒಂದೊಂದೇ ಬಕೆಟ್ಟಿನ ಮುಂದೆ ಬಗ್ಗಿ, ಗಾಜಿನ ಲೋಟದಲ್ಲಿ ಒಂದಿಷ್ಟು ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು. ಆರನೆಯದನ್ನು ಮುಗಿಸುವ ಹೊತ್ತಿಗೆ ಸೊಂಟ ಹಿಡಿದುಕೊಂಡಿತ್ತು. ಅಲ್ಲೇ ಇದ್ದ ಆಸಿಡ್ ಡ್ರಮ್ಮಿಗೆ ಒರಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ನೋಟ್‌ಬುಕ್ಕಿನಲ್ಲಿ ಬರೆಯುವುದಕ್ಕೂ ಮನಸ್ಸಿರಲಿಲ್ಲ. ಆದರೆ ಬರೆಯದೆ ಬಿಟ್ಟು ಅಭ್ಯಾಸವಿರಲಿಲ್ಲ. ‘ಆರಕ್ಕೆ ಆರೂ ಹಸಿರು. ಇಪ್ಪತ್ತೇಳನೆಯ ದಿನ’ ಎಂದು ಬರೆದು ಕೆಳಗೆ ಸಹಿ ಹಾಕಿದಳು.

ಕಲಾಮಾ ಊರಿನಿಂದ ಗಣಿಗೆ ಹೋಗುವ ರಸ್ತೆಯಲ್ಲಿದ್ದ ಆ ಪ್ರಯೋಗಾಲಯದಲ್ಲಿ ಕೊಳವೆಗಳದೇ ಒಂದು ಶೆಡ್ಡು. ಒಂದೊಂದು ಕೊಳವೆ ಆರು ಮೀಟರ್ ಎತ್ತರ, ಒಳಗೆ ಪುಡಿ ಮಾಡಿದ ತಾಮ್ರದ ಅದಿರು. ಮೇಲಿನಿಂದ ಹುಳಿ ನೀರು ತೊಟ್ಟಿಕ್ಕುತ್ತಿರುತ್ತದೆ. ಆ ನೀರಿನಲ್ಲಿ ಬಿಟ್ಟ ಜೀವಾಣುಗಳು ಅದಿರಿನ ಕಬ್ಬಿಣವನ್ನೂ ಗಂಧಕವನ್ನೂ ತಿನ್ನುತ್ತ ಹೋದರೆ ತಾಮ್ರ ತಾನಾಗಿ ಕರಗಿ ಕೆಳಗೆ ಇಳಿದು ಬರುತ್ತದೆ. ಕುಲುಮೆ ಬೇಡ, ಹೊಗೆ ಬೇಡ. ಅವು ಬದುಕಿ ಕೆಲಸ ಮಾಡುತ್ತಿದ್ದರೆ ಬಕೆಟ್ಟಿಗೆ ಬೀಳುವ ನೀರು ಕಡು ಚಹಾದ ಬಣ್ಣ. ಸತ್ತರೆ ತಿಳಿ ಹಸಿರು. ಓತಿಲಿಯಾ ಇಪ್ಪತ್ಮೂರು ವರ್ಷದಿಂದ ನೋಡಿಕೊಂಡು ಬಂದದ್ದು ಈ ಎರಡು ಬಣ್ಣಗಳನ್ನೇ.

ಒಂಬತ್ತು ಗಂಟೆಗೆ ಪ್ರಯೋಗಾಲಯದ ವಿಜ್ಞಾನಿ ಡಾಕ್ಟರ್ ಫಾಬಿಯಾನ್ ಸಾನ್ವೆಸಾ ಬಂದ. ದಕ್ಷಿಣದ ಮಳೆ ಸೀಮೆಯವನು, ಮೂವತ್ತೈದು ದಾಟಿರಲಿಲ್ಲ. ಕಲಾಮಾದ ಒಣ ಗಾಳಿಗೆ ಅವನ ತುಟಿ ಯಾವಾಗಲೂ ಒಡೆದಿರುತ್ತಿತ್ತು. ಎಲ್ಲೆಂದರಲ್ಲಿ ಸಿಕ್ಕ ಜೀವಾಣುಗಳ ಗುಂಪು ಬೇಡ, ಬೇಕಾದವನ್ನು ಮಾತ್ರ ಆರಿಸಿ ಒಂದು ಸಂಸಾರ ಕಟ್ಟೋಣ ಎಂಬುದು ಅವನ ಯೋಜನೆ. ಕಬ್ಬಿಣ ತಿನ್ನುವುದು ಒಂದು, ಗಂಧಕ ತಿನ್ನುವುದು ಒಂದು, ಬಿಸಿ ತಡೆದುಕೊಂಡು ಎರಡನ್ನೂ ತಿನ್ನುವುದು ಇನ್ನೊಂದು. ಮೂರೇ ಮೂರು, ಅಳೆದು ಸುರಿದದ್ದು. ಎರಡು ವರ್ಷದಿಂದ ಅದೇ ನಡೆದಿತ್ತು.

“ಮತ್ತೆ ಹಸಿರಾ ಸೆನ್ಯೋರಾ ಓತಿ?”

“ಹಸಿರೇ ಡಾಕ್ಟ್ರೇ. ಹೋದ ಸಲ ಇಪ್ಪತ್ತೊಂಬತ್ತಕ್ಕೆ ಕೈಕೊಟ್ಟಿತ್ತು. ಅದರ ಹಿಂದಿನ ಸಲ ಇಪ್ಪತ್ತಾರಕ್ಕೆ.”

“ಸೀಸೆಯಲ್ಲಿ ಕುಣೀತಾವೆ, ಕೊಳವೆಗೆ ಬಿಟ್ರೆ ಸಾಯ್ತಾವೆ. ಎಣಿಸಿದ್ರಾ?”

“ಎರಡು ಸಲ ಎಣಿಸ್ದೆ. ಸತ್ತವು ಬೇಕಾದಷ್ಟಿದಾವೆ.”

ಅವನು ಲೋಟವನ್ನು ಅಲ್ಲಾಡಿಸಿ ನೋಡಿದ. ಆಮೇಲೆ ಅವಳ ಮುಖ ನೋಡದೆ ಹೇಳಿದ: “ಎಲ್ಲೋ ಹೊರಗಿನದು ಸೇರ್ಕೊಂಡಿರಬೇಕು. ನೀವು ಆ ಅಜ್ಜಿ ಸೀಸೆಗಳನ್ನ ಮುಟ್ಟಿದ ಕೈಯಲ್ಲೇ ಇದನ್ನೂ ಮುಟ್ಟಿರಬಹುದು.”

ಓತಿಲಿಯಾ ಅವನ ಕೈಯಿಂದ ಲೋಟ ತೆಗೆದುಕೊಂಡು ತೊಳೆದಿಟ್ಟಳು. ಹತ್ತು ವರ್ಷದ ಹಿಂದಾಗಿದ್ದರೆ ತಿರುಗಿ ಹೇಳುತ್ತಿದ್ದಳು.

ಅಜ್ಜಿ ಎಂದರೆ ಕಪಾಟಿನ ಮೂಲೆಯಲ್ಲಿದ್ದ ನಾಲ್ಕು ಸೀಸೆಗಳು. ಅವಳು ಕೆಲಸಕ್ಕೆ ಸೇರಿದ ವರ್ಷ ಇಂಜಿನಿಯರ್ ದೋನ್ ಎವರಿಸ್ತೋ ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಒಂದು ಹಳೆಯ, ಬಿಟ್ಟುಹೋದ ಗಣಿಗೆ ಕರೆದುಕೊಂಡು ಹೋಗಿದ್ದರು. ಬಂಡೆ ಸಂದಿಯಿಂದ ಕೆಂಪು ನೀರು ಜಿನುಗುತ್ತಿತ್ತು. ಅದನ್ನೇ ಹಿಡಿದು ತಂದು ಸಾಕಿದ್ದು. ಎವರಿಸ್ತೋ ತೀರಿಹೋಗಿ ಹನ್ನೊಂದು ವರ್ಷವಾಯಿತು. ಆಮೇಲೆ ಬಂದವರ್ಯಾರೂ ಅಜ್ಜಿಯನ್ನು ಕೇಳಲಿಲ್ಲ. ಎಸೆಯಿರಿ ಎಂದೂ ಯಾರೂ ಹೇಳದ್ದರಿಂದ ಅವಳು ಹತ್ತು ದಿನಕ್ಕೊಮ್ಮೆ ಹಳೆಯ ಸೀಸೆಯಿಂದ ಹೊಸ ಸೀಸೆಗೆ ಒಂದಿಷ್ಟು ದಾಟಿಸಿ, ಊಟ ಹಾಕಿ, ತಾರೀಖು ಬರೆದು ಇಡುತ್ತ ಬಂದಿದ್ದಳು. ಪ್ರೀತಿಯಿಂದ ಎಂದರೆ ಸುಳ್ಳಾಗುತ್ತದೆ. ಅದು ಅವಳ ಕೆಲಸವಾಗಿತ್ತು, ಅಷ್ಟೆ.

ಆ ಕೆಲಸ ಅವಳಿಂದ ಏನೇನು ತೆಗೆದುಕೊಂಡಿತು ಎಂದು ಅವಳು ಲೆಕ್ಕ ಇಟ್ಟಿರಲಿಲ್ಲ. ಜೀವಾಣುಗಳಿಗೆ ಭಾನುವಾರವಿಲ್ಲ, ಈಸ್ಟರ್ ಇಲ್ಲ. ತವರೂರು ಚಿಯು ಚಿಯುವಿನಲ್ಲಿ ತಾಯಿ ಕಾಯಿಲೆ ಬಿದ್ದು ಮಲಗಿದ್ದಾಗ ಅವಳು ಸೀಸೆ ದಾಟಿಸಿ ಮಧ್ಯಾಹ್ನದ ಬಸ್ಸಿಗೆ ಹೊರಡುವುದೆಂದು ಅಂದುಕೊಂಡಿದ್ದಳು. ತಾಯಿ ಬೆಳಿಗ್ಗೆಯೇ ಹೋಗಿಬಿಟ್ಟಳು. ಸೀಸೆಗಾಗಿ ತಡಮಾಡಿದೆ ಎಂಬ ಮಾತನ್ನು ಅಕ್ಕ ನೆಲ್ಲಿ ಒಂದೇ ಒಂದು ಸಲ ಆಡಿದ್ದಳು, ಮತ್ತೆ ಎತ್ತಲಿಲ್ಲ. ಗಂಡ ಬಹಳ ಹಿಂದೆಯೇ ಇಕೀಕೆಯಲ್ಲಿ ಇನ್ನೊಬ್ಬಳೊಂದಿಗೆ ಮನೆ ಮಾಡಿದ್ದ. ಮಗಳು ಮದುವೆಯಾಗಿ ಅರೀಕಾದಲ್ಲಿದ್ದಳು. ಐವತ್ತೆಂಟು ವರ್ಷದ ಓತಿಲಿಯಾಳಿಗೆ ಈಗ ಸಂಜೆ ಮನೆಗೆ ಬಂದರೆ ಬ್ರೆಡ್ಡಿಗೆ ಆವಕಾಡೊ ಸವರುವಷ್ಟೂ ತ್ರಾಣ ಇರುತ್ತಿರಲಿಲ್ಲ. ಚಹಾ ಕುಡಿದು ಹಾಗೇ ಮಲಗುತ್ತಿದ್ದಳು.

ಮರುದಿನ ಡಾಕ್ಟರ್ ಸಾಂತಿಯಾಗೊಗೆ ಹೊರಟಿದ್ದ. ಹತ್ತು ದಿನದ ಸಭೆ. ಬ್ಯಾಗು ಹೆಗಲಿಗೆ ಹಾಕಿಕೊಂಡೇ ಹೇಳಿದ:

“ಆರೂ ಕೊಳವೆ ಖಾಲಿ ಮಾಡಿ ತೊಳೆದಿಡಿ. ಆ ಅಜ್ಜಿ ಸೀಸೆಗಳನ್ನ ಹಬೆಯಲ್ಲಿ ಬೇಯಿಸಿ ಎಸೆದುಬಿಡಿ. ನಾನು ಬರೋದ್ರೊಳಗೆ ಆಗಿರಬೇಕು.”

“ಡಾಕ್ಟ್ರೇ, ಆರನೇ ಕೊಳವೆ ಹೆಂಗೂ ಸತ್ತಿದೆ. ಅದಕ್ಕೆ ಅಜ್ಜಿನ ಒಂದು ಲೀಟರ್ ಹೊಯ್ದು ನೋಡ್ಲಾ?”

ಅವನು ನಕ್ಕ. ಕೆಟ್ಟ ನಗೆಯೇನಲ್ಲ, ಆದರೆ ನಕ್ಕ. “ಇದು ಕಸುವೇಲಾ ಸಾರಲ್ಲ ಸೆನ್ಯೋರಾ ಓತಿ, ಕೈಗೆ ಸಿಕ್ಕಿದ್ದನ್ನೆಲ್ಲ ಪಾತ್ರೆಗೆ ಹಾಕೋದಕ್ಕೆ. ಅದರಲ್ಲಿ ಏನೇನಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

“ಗೊತ್ತಿಲ್ಲ, ನಿಜ. ಆದ್ರೆ ಅದು ಸತ್ತಿಲ್ಲ.”

“ಬೇಡ,” ಎಂದು ಅವನು ಟ್ಯಾಕ್ಸಿ ಹತ್ತಿದ.

ಓತಿಲಿಯಾ ಮೊದಲನೆಯ ಕೊಳವೆ ಖಾಲಿ ಮಾಡಲು ಶುರುಮಾಡಿದಳು. ಕೆಳಗಿನ ಮುಚ್ಚಳ ಬಿಚ್ಚಿ, ಒದ್ದೆ ಅದಿರನ್ನು ಸಲಿಕೆಯಿಂದ ಎಳೆದು, ಬಕೆಟ್ಟಿಗೆ ತುಂಬಿ, ಹೊರಗಿನ ಗುಂಡಿಗೆ ಹೊತ್ತು ಹಾಕುವುದು. ಸಹಾಯಕ್ಕೆ ಕಳಿಸುತ್ತೇವೆಂದವರು ಕಳಿಸಿರಲಿಲ್ಲ. ಎರಡು ದಿನಕ್ಕೆ ಎರಡು ಕೊಳವೆ ಮುಗಿದವು. ಮೂರನೆಯ ದಿನ ಬೆಳಿಗ್ಗೆ ಬಲಗೈ ಮೇಲೆತ್ತಲು ಬರಲಿಲ್ಲ. ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಉಳಿದ ನಾಲ್ಕು ಕೊಳವೆಗಳನ್ನು ಬುಡದಿಂದ ತುದಿಯವರೆಗೆ ನೋಡಿದಳು.

ಆಮೇಲೆ ಅವಳು ಮಾಡಿದ್ದು ಹಟಕ್ಕಲ್ಲ, ಸೇಡಿಗೂ ಅಲ್ಲ. ಒಂದು ಕೊಳವೆಗೆ ಜೀವ ಬಂದರೆ ಖಾಲಿ ಮಾಡಬೇಕಾದ ಕೊಳವೆ ಒಂದು ಕಡಿಮೆಯಾಗುತ್ತದೆ. ಆ ಹೊತ್ತಿಗೆ ಅವಳ ತಲೆಯಲ್ಲಿದ್ದದ್ದು ಇಷ್ಟೇ. ಎಡಗೈಯಲ್ಲಿ ಏಣಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಅಜ್ಜಿಯ ಒಂದು ಲೀಟರನ್ನು ಆರನೆಯ ಕೊಳವೆಯ ನೆತ್ತಿಗೆ ಸುರಿದಳು. ಇಳಿದು ಬಂದು ನೋಟ್‌ಬುಕ್ಕಿನಲ್ಲಿ ಬರೆದಳು: ‘ಡಾಕ್ಟರ್ ಬೇಡ ಅಂದಿದ್ದರು. ನಾನು ಹಾಕಿದ್ದೇನೆ. ಓ. ಬೆರ್ನಾ.’

ಐದು ದಿನ ಹಸಿರೇ ಇತ್ತು. ಆರನೆಯ ದಿನ ಬಕೆಟ್ಟಿನ ಅಂಚಿನಲ್ಲಿ ಹಳದಿ ಕಂಡಿತು. ಎಂಟನೆಯ ದಿನಕ್ಕೆ ಚಹಾದ ಬಣ್ಣ. ಓತಿಲಿಯಾಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸುಸ್ತು ಬಂತು. ಇನ್ನು ಇದನ್ನು ಅವನಿಗೆ ಹೇಳಬೇಕಲ್ಲ ಎಂಬ ಸುಸ್ತು.

ಸಾನ್ವೆಸಾ ಬಂದವನು ಮೊದಲು ಬಕೆಟ್ಟು ನೋಡಿದ, ಆಮೇಲೆ ನೋಟ್‌ಬುಕ್ಕು ಓದಿದ. ಕಿವಿ ಕೆಂಪಾಯಿತು.

“ಬೇಡ ಅಂದಿದ್ದೆ ನಾನು!”

“ಅಂದಿದ್ರಿ. ಅದನ್ನೂ ಬರೆದಿದ್ದೀನಿ.”

“ಎರಡು ವರ್ಷದ ಕೆಲಸ ಇದು, ಸೆನ್ಯೋರಾ! ಒಂದೊಂದನ್ನೂ ಬೇರೆ ಬೇರೆ ಮಾಡಿ ಶುದ್ಧವಾಗಿ ಇಟ್ಟಿದ್ದೆ. ನೀವು ಕೊಚ್ಚೆ ಸುರಿದುಬಿಟ್ರಿ!”

“ಸತ್ತಿದ್ದಕ್ಕೆ ಸುರಿದೆ ಡಾಕ್ಟ್ರೇ. ಬದುಕಿದ್ದಕ್ಕಲ್ಲ. ಬಯ್ಯೋದಾದ್ರೆ ಬಯ್ರಿ, ನಾನು ಮಾತ್ರ ಕೂತ್ಕೋತೀನಿ. ನಿಲ್ಲೋಕೆ ಆಗ್ತಿಲ್ಲ.”

ಅವಳು ನಿಜವಾಗಿಯೂ ಕೂತಳು. ಅವಳ ಬಲಗೈ ತೊಡೆಯ ಮೇಲೆ ಬಿದ್ದುಕೊಂಡದ್ದನ್ನು ಅವನು ಆಗ ಕಂಡ. ಬಯ್ಯುವುದು ಅಲ್ಲಿಗೆ ನಿಂತಿತು. ಆಮೇಲೆ ಅವನು ಕೇಳಿದ: “ಅಜ್ಜಿಯಲ್ಲಿ ಬೇರೆ ಏನಾದ್ರೂ ಕಂಡಿದ್ದೀರಾ? ಈ ಮೂರು ಬಿಟ್ಟು?”

“ತಟ್ಟೆಯಲ್ಲಿ ಬೆಳೆಸಿದಾಗೆಲ್ಲ ಚಿಕ್ಕ ಚಿಕ್ಕ ಬಿಳಿ ಚುಕ್ಕೆ ಬರುತ್ತೆ. ಸೂಜಿ ಮೊನೆಯಷ್ಟು. ಕಬ್ಬಿಣಾನೂ ತಿನ್ನಲ್ಲ, ಗಂಧಕಾನೂ ತಿನ್ನಲ್ಲ. ಒರೆಸಿ ಹಾಕಿದ್ರೂ ಮತ್ತೆ ಬರುತ್ತೆ. ಎಲ್ಲ ಬರೆದಿಟ್ಟಿದ್ದೀನಿ.”

“ಎಲ್ಲಿ?”

ಅವಳು ಕಪಾಟಿನ ಮೇಲಿನ ಸಾಲು ತೋರಿಸಿದಳು. ಅಲ್ಲಿ ಅವಳ ನಲವತ್ತೊಂದು ನೋಟ್‌ಬುಕ್ಕುಗಳಿದ್ದವು. ಅವನು ಒಂದು ವಾರ ಅವನ್ನು ಓದಿದ, ಊಟದ ಹೊತ್ತಿನಲ್ಲೂ. ‘ಬಿಳಿ ಚುಕ್ಕೆ, ಮತ್ತೆ’ ಎಂಬ ಸಾಲು ವರ್ಷವರ್ಷವೂ ಇತ್ತು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಆ ಬಿಳಿ ಚುಕ್ಕೆಯನ್ನು ಬೇರೆ ಮಾಡಿ, ಒಂಟಿಯಾಗಿ ಬೆಳೆಸಿ, ಡಾಕ್ಟರನ ಮೂರರ ಜೊತೆ ಸೇರಿಸಿ ಕೊಳವೆಗೆ ಬಿಡಲು ನಾಲ್ಕು ತಿಂಗಳು ಹಿಡಿಯಿತು. ಎರಡು ಕೊಳವೆಗೆ ಮೂರು ಮಾತ್ರ, ಎರಡು ಕೊಳವೆಗೆ ನಾಲ್ಕೂ. ಮೂರೇ ಇದ್ದ ಕೊಳವೆಗಳ ನೀರು ಇಪ್ಪತ್ತೆಂಟನೆಯ ದಿನ ಹಸಿರಾಯಿತು. ನಾಲ್ಕೂ ಇದ್ದ ಕೊಳವೆಗಳದು ತೊಂಬತ್ತನೆಯ ದಿನವೂ ಚಹಾದ ಬಣ್ಣದಲ್ಲೇ ಇತ್ತು. ಕಾರಣವೂ ಆಮೇಲೆ ಸಿಕ್ಕಿತು. ಆ ಮೂರೂ ತಿಂದುಂಡು ಮೈಯಿಂದ ಬಿಡುವ ಕೊಳೆ ಉದ್ದನೆಯ ಕೊಳವೆಯಲ್ಲಿ ಹೊರಗೆ ಹೋಗದೆ ನಿಲ್ಲುತ್ತಿತ್ತು, ಅದರಲ್ಲೇ ಅವು ಉಸಿರುಗಟ್ಟಿ ಸಾಯುತ್ತಿದ್ದವು. ಬಿಳಿ ಚುಕ್ಕೆಗೆ ಆ ಕೊಳೆಯೇ ಊಟ.

ಫಲಿತಾಂಶ ಗಟ್ಟಿಯಾದ ದಿನ ಸಾನ್ವೆಸಾ ಅಂಗಡಿಯಿಂದ ಎಂಪನಾದ ಎಂಬ ಮಾಂಸದ ಕಡುಬು ಕಟ್ಟಿಸಿಕೊಂಡು ಬಂದ. ತಟ್ಟೆಯಲ್ಲಿಟ್ಟು ಅವಳ ಮುಂದೆ ನೂಕಿದ.

“ನಾನು ಅವತ್ತು ಅಂದಿದ್ದು...”

“ಯಾವತ್ತು ಡಾಕ್ಟ್ರೇ? ತುಂಬಾ ದಿನ ಅಂದಿದ್ದೀರಿ.”

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಓತಿಲಿಯಾ ಎಂಪನಾದ ಮುರಿದು ತಿನ್ನುತ್ತ, “ಚೆನ್ನಾಗಿದೆ, ಈರುಳ್ಳಿ ಕಮ್ಮಿ,” ಎಂದಳು. ಅಲ್ಲಿಗೆ ಕ್ಷಮೆಯ ಮಾತು ಮುಗಿಯಿತು.

ಮುಂದಿನ ವಾರ ಹೊಸ ವೇಳಾಪಟ್ಟಿ ಗೋಡೆಗೆ ಬಂತು. ಮೂರು ಜೀವಾಣುಗಳನ್ನು ಹತ್ತು ದಿನಕ್ಕೊಮ್ಮೆ ದಾಟಿಸಬೇಕು. ನಾಲ್ಕನೆಯದು ಬೇರೆ ಊಟದ್ದು, ಸಕ್ಕರೆ ನೀರಿನಲ್ಲಿ ಬೆಳೆಯುವಂಥದು. ಅದನ್ನು ಐದು ದಿನಕ್ಕೊಮ್ಮೆ ದಾಟಿಸಬೇಕು. ಅದೂ ಬೇರೆ ಕೋಣೆಯಲ್ಲಿ. ಓತಿಲಿಯಾ ಪಟ್ಟಿಯನ್ನು ಎರಡು ಸಲ ಓದಿದಳು. ಅವಳು ಕಂಡುಹಿಡಿದದ್ದರಿಂದ ಅವಳಿಗೆ ಆದದ್ದು ಇದು: ಕೆಲಸ ಒಂದೂವರೆ ಪಟ್ಟಾಗಿತ್ತು. ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಮುಖ ತೊಳೆದುಕೊಂಡು ನೇರ ಡಾಕ್ಟರನ ಕೋಣೆಗೆ ಹೋದಳು.

“ರಜೆ ಬೇಕು. ಒಂದು ದಿನ ಎರಡು ದಿನ ಅಲ್ಲ. ಇಪ್ಪತ್ತು ದಿನ.”

“ಈಗಲಾ? ಈಗ ತಾನೆ ದಾರಿಗೆ ಬಂದಿದೆ...”

“ನಾನು ದಾರಿ ತಪ್ಪೋದ್ರೊಳಗೆ ಕೊಡಿ ಡಾಕ್ಟ್ರೇ.”

“ಸೀಸೆ ಯಾರು ದಾಟಿಸ್ತಾರೆ?”

“ಎರಡು ಕೈ ಇದಾವಲ್ಲ ನಿಮಗೆ. ನಾಳೆ ಬನ್ನಿ, ಕಲಿಸ್ತೀನಿ.”

ಕಲಿಸಿದಳು. ಮೊದಲ ದಿನ ಅವನು ಎರಡು ಸೀಸೆ ಒಡೆದ. ಮೂರನೆಯ ದಿನಕ್ಕೆ ಕೈ ಕೂತಿತು. ನಾಲ್ಕನೆಯ ದಿನ ಓತಿಲಿಯಾ ಚಿಯು ಚಿಯುವಿನ ಬಸ್ಸು ಹತ್ತಿದಳು.

ಅಕ್ಕನ ಹೊಲದಲ್ಲಿ ಕ್ಯಾರೆಟ್ ಕೀಳುವ ಕಾಲ. ಓತಿಲಿಯಾ ಮೊದಲ ಮೂರು ದಿನ ನಿದ್ದೆಯೊಂದನ್ನೇ ಮಾಡಿದಳು. ನೆಲ್ಲಿಗೆ ಮೊದಲು ಕನಿಕರವಾಯಿತು, ಆಮೇಲೆ ಸಿಟ್ಟು ಬಂತು.

“ತಂಗಿ ಬಂದ್ಲು, ನಾಲ್ಕು ಗಡ್ಡೆ ಕಿತ್ತು ಕೊಡ್ತಾಳೆ ಅಂತಿದ್ದೆ. ನೀನು ನೋಡಿದ್ರೆ ನೆಲಕ್ಕೆ ಬೇರು ಬಿಟ್ಟಿದ್ದೀಯ.”

“ಕೀಳ್ತೀನಿ ಇರೇ. ಇನ್ನೂ ಹದಿನಾರು ದಿನ ಇದೆ.”

“ಏನೋ ಕಂಡುಹಿಡಿದ್ಯಂತಲ್ಲ? ನಿನ್ನ ಮಗಳು ಫೋನಲ್ಲಿ ಹೇಳಿದ್ಲು.”

“ನಾನು ಕಂಡಿದ್ದು ಹೊಸದೇನಲ್ಲ ಕಣೇ. ಮೊದಲಿಂದ ಅಲ್ಲೇ ಇತ್ತು.”

ನೆಲ್ಲಿ ಕ್ಯಾರೆಟ್ಟಿನ ಸೊಪ್ಪು ಮುರಿದು ಲಾಮಾಗಳ ಕಡೆ ಎಸೆದು, ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡು, ಒಳಗಿನಿಂದ ಇನ್ನೊಂದು ಕಂಬಳಿ ತಂದು ತಂಗಿಯ ಕಾಲಿನ ಮೇಲೆ ಹಾಕಿದಳು.

ರಜೆ ಮುಗಿಸಿ ಬಂದ ಓತಿಲಿಯಾ ಮತ್ತೆ ಒಂದು ವರ್ಷ ಎಂಟು ತಿಂಗಳು ದುಡಿದು, ಅರವತ್ತು ತುಂಬಿದ ಮೇಲೆ ನಿವೃತ್ತಳಾದಳು. ಭುಜ ಪೂರ್ತಿ ಸರಿಹೋಗಲಿಲ್ಲ. ಸಾನ್ವೆಸಾ ಭಾನುವಾರಗಳ ಪಾಳಿಯನ್ನು ತಾನೇ ಇಟ್ಟುಕೊಂಡ. ಈಗ ಆ ನಾಲ್ಕು ಜೀವಗಳು ಗಣಿಯ ದೊಡ್ಡ ಅದಿರು ರಾಶಿಗಳ ಮೇಲೆ ಕೆಲಸ ಮಾಡುತ್ತಿವೆ. ಓತಿಲಿಯಾ ಅದನ್ನು ನೋಡಲು ಒಂದು ಸಲ ಹೋಗಿದ್ದಳು. ಗಾಳಿ ಜೋರಾಗಿತ್ತು, ಕಣ್ಣಿಗೆ ದೂಳು ಬೀಳುತ್ತಿತ್ತು. ಹತ್ತು ನಿಮಿಷ ನಿಂತು, ಮನೆಗೆ ಹೋಗೋಣ ಎಂದು ಚಾಲಕನಿಗೆ ಹೇಳಿದಳು.