ಕೇಳದೇ ಕೊಟ್ಟ ಹೆಚ್ಚುವರಿ ಮಾಹಿತಿ

"ಸಂಗೀತದ ಅಕ್ಕೋರ ಮನಿ ಎಲ್ಲಿ ಬರ್ತೈತ್ರಿ?"

ಹೋದ ಭಾನುವಾರ ಕೇಶ್ವಾಪುರದ ನಮ್ಮ ಮನೆಯ ಗೇಟಿನ ಮುಂದೆ ತಾಯಿ, ಮಗಳು ನಿಂತಿದ್ದರು. ಮುಗದ ಎಂಬ ಹಳ್ಳಿಯಿಂದ ಬಸ್ಸು ಬದಲಿಸಿ ಬಂದವರು. ದಾರಿ ಹೇಳಿದೆ. ಮುಂದಿನ ಕ್ರಾಸ್, ಬೇವಿನ ಗಿಡದ ಪಕ್ಕದ ಮನೆ.

ಅಷ್ಟಕ್ಕೇ ಸುಮ್ಮನಾಗಬೇಕಿತ್ತು. ಎಲುಬಿಲ್ಲದ ನಾಲಿಗೆ, ಆಗಲಿಲ್ಲ. (ಬರೀ ದಾರಿ ಹೇಳಿ ಕಳಿಸುವುದು ನಮ್ಮ ಕಡೆ ಮರ್ಯಾದೆಯೇ?) "ಆದ್ರ ಅವ್ರಿಗೆ ಗಂಟಲ ಆಪರೇಷನ್ ಆಗೈತ್ರಿ. ಈಗ ಕಲಿಸೂದಿಲ್ಲ" ಎಂದುಬಿಟ್ಟೆ. ಯಾವಾಗಲೋ ಕಿವಿಗೆ ಬಿದ್ದ ಸುದ್ದಿ.

"ಹೌದ್ರೀ? ಓಣಿಯವ್ರು ನೀವು, ನಿಮಗ ಗೊತ್ತಿರ್ತೈತಿ. ಛಲೋ ಆತು ಹೇಳಿದ್ರಿ" ಎಂದು ಆಕೆ ಮಗಳ ಕೈ ಹಿಡಿದು ಬಸ್ ಸ್ಟಾಪಿನ ಕಡೆ ತಿರುಗಿದಳು. ಉಪಕಾರ ಮಾಡಿದ ಖುಷಿಯಲ್ಲಿ ನಾನು ಇನ್ನೊಂದು ಕಪ್ ಚಹಾ ಕುಡಿದೆ.

ನನ್ನ ಹೊಟ್ಟೆಪಾಡು ಏನು ಗೊತ್ತೇ? ನೇಮ್ ಸರ್ವರ್ ನೋಡಿಕೊಳ್ಳುವುದು. ನೀವು ಮೊಬೈಲಿನಲ್ಲಿ ವೆಬ್‌ಸೈಟಿನ ಹೆಸರು ಒತ್ತಿದರೆ, ಅದರ ವಿಳಾಸ ಹೇಳುವ ಕಂಪ್ಯೂಟರ್. ಅದಕ್ಕೂ ನನ್ನದೇ ಚಟ. ಉತ್ತರದ ಜೊತೆಗೆ, ಇದೂ ಬೇಕಾದೀತು ಎಂದು ಕೇಳದ ಮಾಹಿತಿಯನ್ನೂ ಸೇರಿಸಿ ಕೊಡುತ್ತದೆ. ಬಹಳ ಸಲ ಅನುಕೂಲವೇ, ಮತ್ತೊಮ್ಮೆ ಕೇಳುವ ಕೆಲಸ ತಪ್ಪುತ್ತದೆ. ಆದರೆ ಆ ಹೆಚ್ಚುವರಿ ಮಾತು ಸರ್ವರಿನ ಸ್ವಂತ ವ್ಯಾಪ್ತಿಯದಲ್ಲದಿದ್ದರೆ ಕೇಳಿದವರು ನಂಬಬಾರದು. ಬಿಸಾಕಿ, ಸಂಬಂಧಪಟ್ಟವರನ್ನೇ ಕೇಳಬೇಕು. ಮಾಹಿತಿಗೆ ಅವಧಿಯೂ ಉಂಟು. ಮುಗಿದ ಮೇಲೆ ಇಟ್ಟುಕೊಳ್ಳುವಂತಿಲ್ಲ. ಹೊಸಬರಿಗೆ ಈ ಪಾಠ ಹೇಳುವವನು ಯಾರು? ನಾನೇ!

ಮರುದಿನ ಹಾಲಿನ ಅಂಗಡಿಯಲ್ಲಿ ಅಕ್ಕೋರೇ ಸಿಕ್ಕರು. ದನಿ ಸ್ವಲ್ಪ ಒರಟು, ಆದರೆ ಗಟ್ಟಿ.

"ಡಾಕ್ಟರು ಇನ್ನ ಹಾಡ್ರಿ ಅಂದಾರ. ನಿನ್ನೆ ಮುಗದದಿಂದ ಒಂದ ಹುಡುಗಿ ಕಲಿಯಾಕ ಬರೂದಿತ್ರಿ. ಆಪರೇಷನ್ ಆದಮ್ಯಾಲ ಆಕೀನ ಮೊದಲ್ನೇಕಿ. ತಂಬೂರಿ ಶ್ರುತಿ ಮಾಡಿ ಸಂಜಿತನಕ ಕಾದೆ, ಬರಲೇ ಇಲ್ಲ. ಅವ್ರ ನಂಬರೂ ಇಲ್ಲ ನನ್ನ ಕಡೆ. ಈ ದನಿ ಕೇಳಾಕ ಇನ್ನ ಯಾರ್ ಬರ್ತಾರ ಅನ್ನಿಸಿಬಿಡ್ತು ನೋಡ್ರಿ." ನಕ್ಕರು. ನಗು ಪೂರ್ತಿ ಬರಲಿಲ್ಲ. "ನಿಮ್ಮ ಮನಿ ಮುಂದನ ಹಾಯ್ಬೇಕಲ್ಲ, ಯಾರನ್ನರ ನೋಡಿದ್ರೇನು?"

"ಇಲ್ರಿ" ಎಂದೆ.

ಹಾಲಿನ ಪಾಕೀಟು ಹಿಡಿದು ಮನೆಗೆ ಬಂದೆ. ನಾಚಿಕೆಯಿಂದ ಹೆಂಡತಿಯ ಮುಖವನ್ನೂ ನೋಡಲಾಗಲಿಲ್ಲ.

ಕೇಳದಿದ್ದಾಗ ಅಷ್ಟೆಲ್ಲ ಹೇಳಿದವನಿಗೆ, ಕೇಳಿದಾಗ ಒಂದು ನಿಜ ಹೇಳಲು ಏನು ಧಾಡಿಯಾಗಿತ್ತು?