ತಪ್ಪಿನ ಹಲಗೆಯ ಆಸ್ಪತ್ರೆ

ನನ್ನ ತಂಗಿ ಡಾಕ್ಟರಾದದ್ದನ್ನು ಬೀದಿಗೆಲ್ಲ ಡಂಗುರ ಸಾರಿದವಳು ನಾನೇ. ನನ್ನದು ಹೊಲಿಗೆ ಅಂಗಡಿ. ಕೈಗೆ ಬಿಡುವಿದ್ದರೂ ಬಾಯಿಗಿಲ್ಲ. ಕೋಪವಂತೂ ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತು ವರ್ಷದಲ್ಲಿ ಒಂದು ತಪ್ಪನ್ನೂ ಒಪ್ಪಿಕೊಂಡವಳಲ್ಲ. ತೋಳು ಗಿಡ್ಡವಾಯಿತೋ, ಬಟ್ಟೆ ಕುಗ್ಗಿದೆ ಅನ್ನುತ್ತೇನೆ. ಸೊಂಟ ಬಿಗಿಯಾಯಿತೋ, ನೀವೇ ದಪ್ಪಗಾಗಿದ್ದೀರಿ ಅನ್ನುತ್ತೇನೆ. ಗಿರಾಕಿಗಳು ಗೊಣಗುತ್ತಾ ಹೋಗುತ್ತಾರೆ, ಮತ್ತೆ ಬರುತ್ತಾರೆ.

ತಂಗಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಚಿಕ್ಕಂದಿನಲ್ಲಿ ಮಿಷನ್ನಿನ ಕೆಳಗೆ ಅಳಿಲಿನ ಹಾಗೆ ಸರಸರ ನುಸುಳಿ, ಬಟ್ಟೆ ಚೂರು ಆಯ್ದು ಗೊಂಬೆಗಳ ಕೈಕಾಲಿಗೆ ಪಟ್ಟಿ ಕಟ್ಟುತ್ತಿದ್ದಳು. ಅದಕ್ಕೇ ಇಣಚಿ ಎಂದು ಕರೆದೆ. ಇವತ್ತಿಗೂ ಅದೇ ಹೆಸರು.

ಇಣಚಿಗೆ ಮಕ್ಕಳ ಡಾಕ್ಟರೇ ಆಗಬೇಕು. ಅದಕ್ಕೆ ಇನ್ನೂ ಮೂರು ವರ್ಷ ಯಾವುದಾದರೂ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯಬೇಕು. ಎರಡು ಆಸ್ಪತ್ರೆಗಳು ಅವಳನ್ನು ಸಂದರ್ಶನಕ್ಕೆ ಕರೆದು ಮಾತಾಡಿಸಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆದು ಶುಕ್ರವಾರ ಸಂಜೆ ಐದರೊಳಗೆ ಕಳಿಸಬೇಕಿತ್ತು. ಒಮ್ಮೆ ಕಳಿಸಿದರೆ ಮುಗಿಯಿತು, ಬದಲಾಯಿಸುವಂತಿಲ್ಲ. ಅವಳಿಗೆ ಬಂದ ಅಂಕಗಳಿಗೆ ಮೊದಲು ಬರೆದದ್ದೇ ಸಿಗುತ್ತಿತ್ತು. ಇದರಲ್ಲಿ ಯೋಚಿಸುವುದೇನಿದೆ? ಒಂದು ಹನ್ನೊಂದು ಮಹಡಿಯ ಗಾಜಿನ ಆಸ್ಪತ್ರೆ. ಇನ್ನೊಂದು ಬಣ್ಣ ಕಿತ್ತುಹೋದ ಹಳೇ ಮಕ್ಕಳ ಆಸ್ಪತ್ರೆ.

ಗುರುವಾರ ಅವಳು ಮೆಲ್ಲಗೆ ಬಾಯಿಬಿಟ್ಟಳು. "ಅಕ್ಕಾ, ಹಳೇ ಆಸ್ಪತ್ರೇನ ಮೊದಲು ಹಾಕ್ತೀನಿ."

"ತಲೆ ಕೆಟ್ಟಿದ್ಯಾ ನಿಂಗೆ? ಗಾಜಿನ ಆಸ್ಪತ್ರೆ ಅಂತ ಬೀದಿಗೆಲ್ಲ ಹೇಳ್ಬಿಟ್ಟಿದ್ದೀನಿ ನಾನು!"

"ನೀನು ಹೇಳಿಬಿಟ್ಟೆ ಅಂತ ಮೂರು ವರ್ಷ ನಾನು ಇರ್ಬೇಕಾ ಅಲ್ಲಿ?"

ಮೈಯೆಲ್ಲ ಉರಿಯಿತು. ಆದರೆ ಅವಳ ಕಣ್ಣು ತುಂಬಿದ್ದು ನೋಡಿ ಪಕ್ಕಕ್ಕೆ ಕೂರಿಸಿಕೊಂಡೆ. ವಿಷಯ ನನಗೆ ಗೊತ್ತಿತ್ತು. ಹಿಂದಿನ ವರ್ಷ ಕಾಲೇಜಿನ ಆಸ್ಪತ್ರೆಯಲ್ಲಿ ಅವಸರಕ್ಕೆ ಒಂದು ಮಗುವನ್ನು ಬೂಟು, ಕೋಟಿನ ಸಮೇತ ತೂಕ ಮಾಡಿದ್ದಳು. ಮಕ್ಕಳಿಗೆ ಮದ್ದು ಕೊಡುವುದು ತೂಕ ನೋಡಿ. ನರ್ಸ್ ಸಮಯಕ್ಕೆ ಸರಿಯಾಗಿ ತಪ್ಪು ಹಿಡಿದರು, ಮಗುವಿಗೆ ಏನೂ ಆಗಲಿಲ್ಲ. ಆದರೆ ಅಲ್ಲಿನ ದೊಡ್ಡ ಡಾಕ್ಟರು ಎಲ್ಲರ ಮುಂದೆ ಹಿಗ್ಗಾಮುಗ್ಗಾ ಬೈದಿದ್ದರು. ಅಂದಿನಿಂದ ಇವಳು ಕೂಸುಗಳನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದಳು. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಈ ಕೆಲಸವೇ ಬೇಡ ಎಂದು ಎರಡು ಸಲ ಹೇಳಿಯೂ ಇದ್ದಳು.

"ಎರಡೂ ಕಡೆ ಕಲೀತಿರೋ ಡಾಕ್ಟ್ರುಗಳನ್ನ ಒಂದೇ ಪ್ರಶ್ನೆ ಕೇಳ್ದೆ," ಅಂದಳು. "ತಪ್ಪಾದ್ರೆ ಯಾರಿಗೆ ಹೇಳ್ತೀರಾ ಅಂತ. ಗಾಜಿನ ಆಸ್ಪತ್ರೇಲಿ ಒಬ್ರು ಆಚೆ ಈಚೆ ನೋಡಿ, ಇಲ್ಲಿ ತಪ್ಪಾಗಲ್ಲ ಅಂದ್ರು. ಹಳೇದ್ರಲ್ಲಿ ನಕ್ಕುಬಿಟ್ಟು, ಹಲಗೆ ಮೇಲೆ ಬರೀತೀವಿ ಅಂದ್ರು."

"ಅದ್ಯಾವ ಸೀಮೆ ಹಲಗೆ? ನಡಿ, ನಾನೇ ನೋಡ್ತೀನಿ."

ಬೈದು ಬುದ್ಧಿ ಹೇಳಿ ಕರೆತರುವುದು ನನ್ನ ಲೆಕ್ಕಾಚಾರ. ಶುಕ್ರವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಹೊರಟೆವು.

ಹಳೇ ಆಸ್ಪತ್ರೆಯ ವರಾಂಡದಲ್ಲಿ ಮಕ್ಕಳ ತಕ್ಕಡಿ, ಅದರ ಪಕ್ಕದ ಗೋಡೆಗೆ ಒಂದು ಕಪ್ಪು ಹಲಗೆ. ಮೇಲೆ 'ಈ ವಾರದ ತಪ್ಪುಗಳು' ಎಂದಿತ್ತು. ಮೊದಲ ಸಾಲು ಇನ್ಯಾರದೂ ಅಲ್ಲ, ಮುಖ್ಯ ಡಾಕ್ಟರದೇ: 'ಕೆಮ್ಮಿಗೆ ಮದ್ದು ಬರೆದೆ, ಕಿವಿ ನೋಡಲು ಮರೆತೆ. ಜ್ವರ ಕಿವಿಯಿಂದ ಬಂದಿತ್ತು. ಮಗುವಿನ ಅಮ್ಮನ ಬಳಿ ಕ್ಷಮೆ ಕೇಳಿದ್ದೇನೆ.'

ನಾನು ಬೆಪ್ಪಾಗಿ ಓದುತ್ತಿರುವಾಗಲೇ ತಲೆ ನರೆತ ಅದೇ ಡಾಕ್ಟರು ಬಂದು, ಅಳುತ್ತಿದ್ದ ಕೂಸಿನತ್ತ ಕೈ ಚಾಚಿದರು.

"ಡಾಕ್ಟ್ರೇ, ಕೈ ತೊಳ್ಕೊಂಡ್ರಾ?" ತಕ್ಕಡಿಯ ಬಳಿ ನಿಂತಿದ್ದ ನರ್ಸಮ್ಮ ಅಲ್ಲಿಂದಲೇ ಕೂಗಿದರು.

"ಅಯ್ಯೋ, ಇಲ್ಲ!" ಎಂದು ಅವರು ನಲ್ಲಿಯತ್ತ ಓಡಿದ ಪರಿ ನೋಡಬೇಕಿತ್ತು. ಕೂಸಿನ ಅಮ್ಮ ನಕ್ಕಳು, ನರ್ಸಮ್ಮ ನಕ್ಕರು, ಒದ್ದೆ ಕೈಯಲ್ಲಿ ವಾಪಸ್ ಬಂದ ಡಾಕ್ಟರೂ ನಕ್ಕರು. ಇಣಚಿ ನಗುತ್ತಿದ್ದಳು. ಒಂದು ವರ್ಷದಿಂದ ನಾನು ಆ ನಗು ನೋಡಿರಲಿಲ್ಲ.

ನಾಲ್ಕೂವರೆಗೆ ಅಲ್ಲೇ ಬೆಂಚಿನ ಮೇಲೆ ಕೂತು ಅವಳು ಫೋನ್ ತೆಗೆದಳು. ಹಳೇ ಆಸ್ಪತ್ರೆಯ ಹೆಸರನ್ನು ಮೊದಲು ಹಾಕಿದಳು, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು.

"ನನ್ನ ಮುಖ ಏನ್ ನೋಡ್ತೀಯ? ಒತ್ತೇ!" ಅಂದೆ.

ಒತ್ತಿದಳು. ಹಳೇ ಆಸ್ಪತ್ರೆಯೇ ಸಿಕ್ಕಿತು.

ಸೇರಿ ಮೂರನೇ ವಾರ. ಅಂಗಡಿಯಲ್ಲಿ ನಮ್ಮ ಬೀದಿಯ ಟೀಚರಮ್ಮ ಹೊಸ ಅಂಗಿ ಹಿಡಿದು ನಿಂತಿದ್ದರು. ತೋಳು ಎರಡು ಬೆರಳು ಗಿಡ್ಡ. ಬಟ್ಟೆ ಕುಗ್ಗಿದೆ ಎಂದು ನಾನು ಆಗಲೇ ವಾದ ಶುರು ಮಾಡಿದ್ದೆ. ಅಷ್ಟರಲ್ಲಿ ಫೋನ್ ಬಂತು.

"ಅಕ್ಕಾ! ಹಲಗೆ ಮೇಲೆ ನನ್ನ ಹೆಸರು!"

"ಏನೇ ಮಾಡ್ದೆ?"

"ಮತ್ತೆ ಬೂಟೇ, ಅಕ್ಕ! ತೂಕ ಬರ್ಕೊಂಡು ಮದ್ದಿನ ಲೆಕ್ಕ ಹಾಕ್ತಿದ್ದೆ, ಮಗು ಕಾಲು ಕುಣಿಸ್ತಿತ್ತು, ಬೂಟು ಕಾಣಿಸ್ತು. ನಾನೇ ನಿಲ್ಲಿಸ್ದೆ. ನಾನೇ ನರ್ಸಮ್ಮಂಗೆ ಹೇಳ್ದೆ. ಬೂಟು ಬಿಚ್ಚಿ ಮತ್ತೆ ತೂಗಿದ್ವಿ."

"ದೊಡ್ಡ ಡಾಕ್ಟ್ರು ಬೈದ್ರಾ?"

"ಸೀಮೆಸುಣ್ಣ ಕೊಟ್ಟು, ದಪ್ಪ ಅಕ್ಷರದಲ್ಲಿ ಬರಿ, ನಂಗೆ ಕಣ್ಣು ಮಂಜು ಅಂದ್ರು!" ಬಿದ್ದು ಬಿದ್ದು ನಕ್ಕಳು. ಹಿಂದೆ ಯಾವುದೋ ಕೂಸು ಕಿರುಚುತ್ತಿತ್ತು. "ಇಡ್ತೀನಕ್ಕಾ, ಇವಳನ್ನ ಎತ್ಕೋಬೇಕು."

ನನಗೆ ಎಂಥ ಖುಷಿಯಾಯಿತೆಂದರೆ, ಕಣ್ಣಲ್ಲಿ ನೀರು ಬಂತು.

"ಹಲಗೆ ಮೇಲೆ ಹೆಸರು ಬಂತಾ?" ಇಣಚಿಯ ಕೂಗು ಕೇಳಿಸಿಕೊಂಡಿದ್ದ ಟೀಚರಮ್ಮ ಅರಳಿದರು. "ಮೊದಲನೇ ಸ್ಥಾನಾನಾ?"

"ಅಲ್ಲ. ತಪ್ಪು ಮಾಡಿದವರ ಪಟ್ಟೀಲಿ," ಎಂದು ಎದೆಯುಬ್ಬಿಸಿ ಹೇಳಿದೆ. "ಅವಳೇ ಹಿಡಿದು, ಅವಳೇ ಬರ್ದಿದ್ದಾಳೆ."

ನಾನು ಅವರ ಕೈಯಿಂದ ಅಂಗಿ ತೆಗೆದುಕೊಂಡೆ.

"ಟೀಚರಮ್ಮ, ಬಟ್ಟೆ ಕುಗ್ಗಿಲ್ಲ. ನಾನೇ ತಪ್ಪಾಗಿ ಕತ್ತರಿಸಿದ್ದೀನಿ. ಕೈ ಚಾಚಿ, ಇನ್ನೊಂದ್ಸಲ ಅಳತೆ ತಗೋತೀನಿ."